ಫೈಂಡ್ ಒತ್ತಿದರೆ ಸಿಗಲ್ಲ ಮಾಮ

"ಡಿಎನ್‌ಎದಾಗ ಜಿಟಿ ಅನ್ನೋ ಎರಡಕ್ಷರ ಹುಡುಕಾದು ತಾನೆ ನಿನ್ ಕೆಲಸ? ಫೈಂಡ್ ಒತ್ತಿದ್ರ ಬರಲ್ಲೇನು?"

ಬಳ್ಳಾರಿಗೆ ಬಂದಾಗಲೆಲ್ಲ ಮಾಮನದು ಇದೇ ಮಾತು. ತಪ್ಪು ನನ್ನದೇ. ಜೀನ್ಸ್ ಹೊಲಿಸುವ ಮಾಮನ ಶೆಡ್ಡಿನಲ್ಲಿ ಕೂತು, ಅವರಿಗೆ ತಿಳಿಯಲೆಂದು ಬಟ್ಟೆಯ ಲೆಕ್ಕದಲ್ಲೇ ಹೇಳಿದ್ದೆ: ಜೀವಕೋಶ ಜೀನಿನ, ಅಂದರೆ ವಂಶವಾಹಿಯ, ಆರ್‌ಎನ್‌ಎ ನಕಲು ತೆಗೆಯುತ್ತದೆ, ನಡುವಿನ ಬೇಡದ ತುಂಡು ಕತ್ತರಿಸಿ ಉಳಿದದ್ದನ್ನು ಜೋಡಿಸುತ್ತದೆ. ಡಿಎನ್‌ಎಯಲ್ಲಿ ಆ ತುಂಡು ಹೆಚ್ಚುಕಮ್ಮಿ ಯಾವಾಗಲೂ ಜಿಟಿಯಿಂದ ಶುರು, ಎಜಿಗೆ ಮುಕ್ತಾಯ. ಮಾಮ ಟೇಬಲ್ ಮೇಲಿನ ಚಾಕ್‌ಪೀಸ್ ಗೆರೆ ತೋರಿಸಿ, "ಇಷ್ಟಕ್ಕ ಪಿಎಚ್‌ಡಿನಾ?" ಅಂದರು. ಕಟಿಂಗ್ ಮಾಸ್ಟರೂ ನಕ್ಕ. ಅಂದಿನಿಂದ ಓಣಿಯಲ್ಲೆಲ್ಲ ನಾನು ಜೀನ್ಸಿನಾಗ ಪಿಎಚ್‌ಡಿ ಮಾಡೋ ಹುಡುಗ.

ಒತ್ತಿ ನೋಡಿ ಮಾಮ. ಡಿಎನ್‌ಎಯಲ್ಲಿರೋದು ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರ; ಅವನ್ನು ಸುಮ್ಮನೆ ಉದುರಿಸುತ್ತ ಹೋದರೂ 16 ಜೋಡಿಗೊಂದು ಜಿಟಿ ಬೀಳುತ್ತದೆ. ಮನುಷ್ಯನ 300 ಕೋಟಿ ಅಕ್ಷರಕ್ಕೆ ಆ ಲೆಕ್ಕ 18 ಕೋಟಿ ದಾಟುತ್ತದೆ. ನಿಜವಾದ ಕತ್ತರಿ ಗುರುತು ಕೆಲವೇ ಲಕ್ಷ. ಮಿಕ್ಕ ಜಿಟಿಗಳ ಮೇಲೆ ಕತ್ತರಿ ಆಡಿಸಿದರೆ ಪ್ಯಾಂಟಲ್ಲ, ಒರೆಸೋ ಬಟ್ಟೆಯೂ ಉಳಿಯಲ್ಲ.

ಹಾಗಾಗಿ ಅಕ್ಕಪಕ್ಕ ನೋಡಬೇಕು. ಬೇಡದ ತುಂಡು ಶುರುವಾಗುವ ಗೆರೆಯ ಹಿಂದಿನ 3, ಮುಂದಿನ 6, ಒಟ್ಟು 9 ಅಕ್ಷರ. ಗೊತ್ತಿರುವ ಸಾವಿರಾರು ಗುರುತುಗಳನ್ನು ಒಂದರ ಕೆಳಗೊಂದು ಜೋಡಿಸಿ, ಯಾವ ಜಾಗದಲ್ಲಿ ಯಾವ ಅಕ್ಷರ ಎಷ್ಟು ಸಲ ಅಂತ ಎಣಿಸಬೇಕು. ತುಂಡಿನ 5ನೇ ಜಾಗದಲ್ಲಿ ನೂರಕ್ಕೆ ಸುಮಾರು 80 ಸಲ ಜಿ. ಆಕಸ್ಮಿಕವಾಗಿದ್ದರೆ 25 ಇರಬೇಕಿತ್ತು. ಇಂಥ ಅನುಪಾತಗಳ ಲಾಗ್ ತೆಗೆದು ಕೂಡಿದರೆ ಅಂಕ. ಅಂಕ ಹೆಚ್ಚಿದ್ದರೆ ಗುರುತು ನಿಜವಿರಬಹುದು. ನನ್ನ ಪ್ರೋಗ್ರಾಂ ಕೂಡ ಆಗಾಗ ಬೇಸ್ತು ಬೀಳುತ್ತದೆ, ಅದನ್ನು ಮಾಮನಿಗೆ ಹೇಳಿಲ್ಲ.

ಜಿಟಿ ಸರಿಯಾಗಿದ್ದೂ ಕತ್ತರಿ ತಪ್ಪುವುದು ಹೇಗೆ ಅಂತ ಒಬ್ಬರಾದರೂ ಕೇಳಬಾರದೇ? ಭಾರತದಲ್ಲಿ ಬೀಟಾ ಥಲಸೀಮಿಯಾ ಅನ್ನೋ ಆನುವಂಶಿಕ ರಕ್ತದ ಕಾಯಿಲೆ ತರುವ ಬದಲಾವಣೆಗಳಲ್ಲಿ ಅತಿ ಸಾಮಾನ್ಯವಾದದ್ದು ಅದೇ 5ನೇ ಅಕ್ಷರದ್ದು. ಹಿಮೋಗ್ಲೋಬಿನ್ನಿನ ಒಂದು ಭಾಗವಾದ ಬೀಟಾ ಗ್ಲೋಬಿನ್ನಿನ ಜೀನಿನ ಮೊದಲ ಬೇಡದ ತುಂಡಿನಲ್ಲಿ ಜಿ ಹೋಗಿ ಸಿ ಬಂದಿರುತ್ತದೆ. ಅಷ್ಟಕ್ಕೇ ಗುರುತು ಮಸುಕಾಗಿ, ಕತ್ತರಿ ಪಕ್ಕದ ಸುಳ್ಳು ಜಿಟಿಗಳತ್ತ ಜಾರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಅದೇ ತಪ್ಪು ಬಂದ ಮಗುವಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು.

ಆ ಮಗುವಿನ ಡಿಎನ್‌ಎಯಲ್ಲೂ ಫೈಂಡ್ ಒತ್ತಿ ಮಾಮ. ಜಿಟಿ ಇದ್ದಲ್ಲೇ ಇರುತ್ತದೆ.