ರಾತ್ರಿ ಆಟ ಮತ್ತು ತಡವಾಗಿ ಬರುವ ನಿದ್ದೆ

ಬೆಂಗಳೂರಿನಲ್ಲಿ ಕಚೇರಿಗೆ ಹೋಗಿಬರುವ ನಮ್ಮಂಥವರಿಗೆ ವ್ಯಾಯಾಮಕ್ಕೆ ಬಿಡುವು ಸಿಗುವುದು ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೆಯೇ. ನಮ್ಮ ಬ್ಯಾಡ್ಮಿಂಟನ್ ಗುಂಪಿಗೆ ಸಿಕ್ಕಿರುವ ಸ್ಲಾಟ್ ರಾತ್ರಿ 9ರಿಂದ 10. ಸಂಜೆಯ ಮೇಲೆ ಮೈ ದಂಡಿಸಿದರೆ ನಿದ್ದೆ ಕೆಡುತ್ತದೆ ಎಂದು ಮನೆಯ ಹಿರಿಯರು ಹೇಳುವ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ತಪ್ಪು ಸಂಜೆಯದ್ದಲ್ಲ, ಆಟ ಮುಗಿಯುವುದಕ್ಕೂ ಹಾಸಿಗೆ ಸೇರುವುದಕ್ಕೂ ನಡುವೆ ಬಿಡುವೇ ಇಲ್ಲದಿರುವುದರದ್ದು ಎಂದು ನನ್ನ ಅಭಿಪ್ರಾಯ.

ದೇಹದ ಒಳಗಿನ ಉಷ್ಣತೆ ಸಂಜೆಯ ಹೊತ್ತಿಗೆ ದಿನದ ಗರಿಷ್ಠ ಮಟ್ಟಕ್ಕೇರಿ, ರಾತ್ರಿಯಾದಂತೆ ಇಳಿಯತೊಡಗುತ್ತದೆ. ಕೈಕಾಲುಗಳ ಚರ್ಮದ ರಕ್ತನಾಳಗಳು ಹಿಗ್ಗಿ ಶಾಖವನ್ನು ಹೊರಬಿಡುವ ಈ ಹಂತದಲ್ಲಿಯೇ ಜೊಂಪು ಹತ್ತುವುದು. ಹತ್ತು ಗಂಟೆಯವರೆಗೆ ಓಡಿ, ಹಾರಿ, ಸ್ಮ್ಯಾಶ್ ಹೊಡೆದವನ ಮೈ ಆಗಷ್ಟೇ ಬಿಸಿಯೇರಿರುತ್ತದೆ. ಅಡ್ರಿನಲಿನ್ ಇನ್ನೂ ಇಳಿದಿರುವುದಿಲ್ಲ. ಹನ್ನೊಂದಕ್ಕೆ ದೀಪ ಆರಿಸಿ ಮಗ್ಗುಲಾದರೆ, ದಿಂಬಿಗೊತ್ತಿದ ಕಿವಿಯಲ್ಲಿ ಸ್ವಂತ ನಾಡಿಯ ಬಡಿತವೇ ಕೇಳುತ್ತಿರುತ್ತದೆ.

ಈ ಕುರಿತು ನಡೆದಿರುವ ಅಧ್ಯಯನಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು 23 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸಂಜೆಯ ವ್ಯಾಯಾಮದಿಂದ ನಿದ್ದೆಗೆ ಒಟ್ಟಾರೆ ಹಾನಿಯಿಲ್ಲ, ಗಾಢ ನಿದ್ದೆ ತುಸು ಹೆಚ್ಚುವುದೂ ಉಂಟು. ಮಲಗಲು ಒಂದು ಗಂಟೆಯೂ ಉಳಿದಿಲ್ಲದಾಗ ಮುಗಿಯುವ ಬಿರುಸಿನ ಕಸರತ್ತು ಮಾತ್ರ ಇದಕ್ಕೆ ಹೊರತಾಗಿರಬಹುದು. 2025ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರ ನೇತೃತ್ವದ ಅಧ್ಯಯನವೊಂದು, ಕೈಗೆ ಕಟ್ಟುವ ಸಾಧನ ಬಳಸುತ್ತಿದ್ದ ಸುಮಾರು 14,700 ಜನರ ದಾಖಲೆಗಳನ್ನು ನೋಡಿ, ಗಡಿಯನ್ನು ಮಲಗುವ ಮುಂಚಿನ ನಾಲ್ಕು ತಾಸುಗಳಿಗೆ ಹಿಗ್ಗಿಸಿತು: ಅದಕ್ಕಿಂತ ತಡವಾಗಿ ಮುಗಿದ ವ್ಯಾಯಾಮ ಎಷ್ಟು ಬಿರುಸಾಗಿತ್ತೋ, ನಿದ್ದೆ ಅಷ್ಟು ತಡವಾಗಿ ಹತ್ತಿತ್ತು, ರಾತ್ರಿಯ ಹೃದಯ ಬಡಿತವೂ ಅಷ್ಟು ಏರಿತ್ತು. ಇದು ಜನರ ದಿನಚರಿಯನ್ನು ಗಮನಿಸಿ ಕಂಡುಕೊಂಡ ಸಂಬಂಧವೇ ಹೊರತು ಪ್ರಯೋಗ ನಡೆಸಿ ಸಾಧಿಸಿದ ಕಾರಣವಲ್ಲ ಎಂಬುದನ್ನೂ ಹೇಳಬೇಕು. ತಡವಾಗಿ ಆಡುವವರು ತಡವಾಗಿ ಉಣ್ಣುತ್ತಾರೆ, ತಡವಾಗಿಯೇ ಫೋನ್ ನೋಡುತ್ತಾರೆ.

ನಮ್ಮ ಕೋರ್ಟಿನಲ್ಲೂ ಆಟವೊಂದೇ ಅಪರಾಧಿಯಲ್ಲ. ತಲೆಯ ಮೇಲೆ ಉರಿಯುವ ಎಲ್‌ಇಡಿ ದೀಪಗಳ ಬೆಳಕು, ದೇಹವನ್ನು ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನ್ ಸ್ರವಿಸುವುದನ್ನು ತಡೆಯುತ್ತದೆ. ಆಟ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ನಿಂತು, ಆ ಶಟಲ್ ಗೆರೆಯ ಒಳಗೆ ಬಿದ್ದಿತ್ತೋ ಹೊರಗೋ ಎಂದು ಬೈಟು ಕಾಫಿಯ ಜೊತೆಗೆ ನಡೆಯುವ ವಾದ ಇನ್ನೊಂದು. ಕುಡಿದ ಕೆಫೀನಿನ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು.

ಹೀಗಾಗಿ ಈಗ ನಾವು ಹೆಚ್ಚು ದಣಿಸುವ ಸಿಂಗಲ್ಸ್ ಮೊದಲು ಆಡಿ, ಓಡಾಟ ಕಡಿಮೆಯಿರುವ ಡಬಲ್ಸ್ ಅನ್ನು ಕೊನೆಗಿಟ್ಟುಕೊಂಡಿದ್ದೇವೆ. ಕಾಫಿಯ ಜಾಗಕ್ಕೆ ಮಜ್ಜಿಗೆ ಬಂದಿದೆ. ಮನೆಗೆ ಹೋಗಿ ಬಿಸಿನೀರಿನಲ್ಲಿ ಸ್ನಾನ ಮಾಡಿದರೆ ಚರ್ಮಕ್ಕೆ ರಕ್ತ ಹರಿದು ಒಳಗಿನ ಶಾಖ ಹೊರಬೀಳಲು ಸಹಾಯವಾಗುತ್ತದೆ, ಆದರೆ ಸ್ನಾನಕ್ಕೂ ಮಲಗುವುದಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು. 7 ಗಂಟೆಯ ಸ್ಲಾಟ್ ಖಾಲಿಯಾದರೆ ನಮಗೆ ತಿಳಿಸಬೇಕೆಂದು ಕೋರ್ಟ್ ನೋಡಿಕೊಳ್ಳುವವರಿಗೆ ಹೇಳಿಟ್ಟಿದ್ದೇವೆ. ಅದು ಸಿಗುವವರೆಗೆ 9ರ ಆಟವನ್ನು ನಿಲ್ಲಿಸುವ ಯೋಚನೆ ನನಗಂತೂ ಇಲ್ಲ.