ನೆರಳಿನ ಬಣ್ಣ ಹುಡುಕ್ಕೊಂಡು ಮೂರು ವಾರ

14 ಮಾರ್ಚ್ 2024, ಗುರುವಾರ, ರಾತ್ರಿ

ಅಂತೂ ಫೋಟೋ ಎಡಿಟಿಂಗ್ ಕೋರ್ಸಿನ ಮೂರನೇ ಪ್ರಾಜೆಕ್ಟ್ ಸಬ್ಮಿಟ್ ಆಯ್ತು. ಕಣ್ಣು ಉರೀತಿದೆ, ಮೌಸ್ ಹಿಡಿದೂ ಹಿಡಿದೂ ಮಣಿಕಟ್ಟು ನೋಯ್ತಿದೆ, ಆದ್ರೂ ಮರೆಯೋಕ್ ಮುಂಚೆ ಬರೆದಿಡೋಣ ಅಂತ ಕೂತೆ.

ಅಸೈನ್‌ಮೆಂಟ್ ಕೇಳೋಕೆ ಸಿಂಪಲ್ಲು. ಬೇರೆ ಬೇರೆ ಕಡೆ ತೆಗೆದ ಎರಡು ಫೋಟೋ ಸೇರಿಸ್ಬೇಕು, ನೋಡಿದೋರಿಗೆ ಒಂದೇ ಫೋಟೋ ಅನ್ನಿಸ್ಬೇಕು. ನಾನು ರೂಮಲ್ಲಿದ್ದ ಬೆತ್ತದ ಕುರ್ಚಿ ಫೋಟೋ ತೆಗೆದು ಅದನ್ನ ಸಮುದ್ರದ ದಂಡೆ ಮರಳಿನ ಮೇಲೆ ಕೂರಿಸೋಣ ಅಂದ್ಕೊಂಡೆ. ಬೆತ್ತದ ಕುರ್ಚಿ ಯಾಕಪ್ಪಾ ತಗೊಂಡೆ ಅಂತ ಆಮೇಲೆ ನನ್ನನ್ನ ನಾನೇ ಬೈಕೊಂಡಿದ್ದೀನಿ, ಹೆಣಿಗೆಯ ಒಂದೊಂದು ತೂತೊಳಗೂ ಹಿಂದಿನ ಗೋಡೆ ಕಾಣುತ್ತೆ, ಅದಷ್ಟನ್ನೂ ತೆಗೀಬೇಕು.

ಮೊದಲನೇ ವಾರ ಇರೇಸರ್ ಹಿಡ್ಕೊಂಡು ಅಳಿಸಿದ್ದೇ ಅಳಿಸಿದ್ದು. ಗೋಡೆ ಜೊತೆ ಕುರ್ಚಿ ಕಾಲಿನ ಒಂದು ಚೂರೂ ಹೋಗಿತ್ತು, ಗಮನಿಸ್ಲೇ ಇಲ್ಲ, ಜೆಪೆಗ್ ಆಗಿ ಸೇವ್ ಮಾಡಿ ಫೈಲ್ ಮುಚ್ಚಿ ಮಲಗಿಬಿಟ್ಟೆ. ಬೆಳಿಗ್ಗೆ ತೆರೆದ್ರೆ ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಥರ) ಎಲ್ಲಾ ಒಂದಾಗಿ ಅಂಟ್ಕೊಂಡಿವೆ, ಮಾಡಿದ್ದೆಲ್ಲಾ ನೆನಪಿಟ್ಕೊಳ್ಳೋ ಹಿಸ್ಟರಿ ಖಾಲಿ, ಕುರ್ಚಿ ಮೂರೂವರೆ ಕಾಲಲ್ಲಿ ನಿಂತಿದೆ. ಕ್ಲಾಸ್ ತಗೊಳ್ಳೋ ಮೇಡಂ ನೋಡಿ ನಕ್ಕು, "ಅಳಿಸ್ಬೇಡ, ಮುಚ್ಚಿಡು" ಅಂದ್ರು. ಲೇಯರ್ ಮಾಸ್ಕ್ ಅಂದ್ರೆ ಏನು ಅಂತ ತಲೆಗೆ ಹೋಗಿದ್ದು ಆವತ್ತೇ. ಮಾಸ್ಕ್ ಮೇಲೆ ಕಪ್ಪು ಬಳಿದ್ರೆ ಮರೆಯಾಗುತ್ತೆ, ಬಿಳಿ ಬಳಿದ್ರೆ ವಾಪಸ್ ಬರುತ್ತೆ, ಬೂದು ಬಳಿದ್ರೆ ಅರ್ಧಂಬರ್ಧ ಕಾಣುತ್ತೆ, ಅಡಿಯಲ್ಲಿರೋ ಫೋಟೋಗೆ ಏನೂ ಆಗಲ್ಲ. ಅಂದಹಾಗೆ 1990ರಲ್ಲಿ ಬಂದ ಮೊದಲ ಫೋಟೋಶಾಪ್‌ನಲ್ಲಿ ಲೇಯರ್‌ಗಳೇ ಇರ್ಲಿಲ್ವಂತೆ, 1994ರಲ್ಲಿ 3.0 ಬಂದಾಗ ಸಿಕ್ಕಿದ್ದು, ಹಿಂದೆ ಹಿಂದೆ ಹೋಗೋ ಹಿಸ್ಟರಿ 1998ರ 5.0ರಲ್ಲಿ. ಅಲ್ಲಿವರೆಗೂ ಒಂದೇ ಒಂದು ಅಂಡೂ, ಅಂದ್ರೆ ಕೊನೇ ಹೆಜ್ಜೆ ಒಂದನ್ನೇ ವಾಪಸ್ ತಗೋಬೋದಿತ್ತು! ನಾನಾಗಿದ್ರೆ ಕೋರ್ಸೇ ಬಿಟ್ಟು ಓಡಿಹೋಗ್ತಿದ್ದೆ.

ಎರಡನೇ ವಾರ ಕುರ್ಚಿ ನೀಟಾಗಿ ಬಂತು, ಮರಳ ಮೇಲೂ ಕೂತ್ಕೊಂತು, ಆದ್ರೆ ಯಾರಿಗೆ ತೋರಿಸಿದ್ರೂ "ಏನೋ ಸರಿಯಿಲ್ಲ" ಅಂತಾರೆ, ಏನು ಅಂತ ಮಾತ್ರ ಒಬ್ರೂ ಹೇಳಲ್ಲ. ಬೆಳಕು-ಕತ್ತಲೆ ಹೊಂದಿಸೋ ಕರ್ವ್ಸ್ ಎಳೆದೆ, ಕಲರ್ ಬ್ಯಾಲೆನ್ಸ್ ತಿರುಗಿಸಿದೆ, ಅಂಚು ಮೆತ್ತಗೆ ಮಾಡಿದೆ. ಕೊನೆಗೆ ಹೊಳೀತು, ಕುರ್ಚಿಗೆ ಬೆಳಕು ಎಡದಿಂದ, ಸಮುದ್ರಕ್ಕೆ ಬಲದಿಂದ. ಫ್ಲಿಪ್ ಹಾರಿಜಾಂಟಲ್, ಎಡ ಬಲ ಅದಲು ಬದಲು, ಒಂದು ಕ್ಲಿಕ್! ಅದಾದ್ಮೇಲೂ ಕುರ್ಚಿ ತೇಲ್ತಾನೇ ಇತ್ತು, ಯಾಕಂದ್ರೆ ಅದು ಕಿಟಕಿ ಪಕ್ಕದ ಮೆತ್ತನೆ ಬೆಳಕು, ಅಲ್ಲಿರೋದು ಬಿಸಿಲು. ಹಾಗಾಗಿ ಕುರ್ಚಿನ ಟೆರೇಸ್‌ಗೆ ಹೊತ್ಕೊಂಡು ಹೋಗಿ ಬಿಸಿಲಲ್ಲಿಟ್ಟು ಮತ್ತೆ ಫೋಟೋ ತೆಗೆದು, ಮತ್ತೆ ಅಷ್ಟೂ ತೂತು ಮಾಸ್ಕ್ ಮಾಡಿದೆ.

ಆಮೇಲೆ ನೆರಳು. ಕಪ್ಪು ಬ್ರಷ್ ತಗೊಂಡು ಒಪ್ಯಾಸಿಟಿ (ಬಣ್ಣ ಎಷ್ಟು ದಟ್ಟ ಅನ್ನೋದು) ಕಮ್ಮಿ ಮಾಡಿ ಬಳಿದೆ, ಮಸಿ ಚೆಲ್ಲಿದ ಹಾಗಿತ್ತು. ಮೇಡಂ "ನಿಜವಾದ ನೆರಳು ಯಾವತ್ತಾದ್ರೂ ನೋಡಿದ್ದೀಯಾ?" ಅಂದ್ರು. ಸಿಟ್ಟು ಬಂತು, ನೆರಳು ನೋಡದೋರು ಯಾರಿದ್ದಾರೆ? ಆದ್ರೂ ಮತ್ತೆ ಟೆರೇಸ್‌ಗೆ ಹೋಗಿ ಬಿಳಿ ಹಾಳೆ ಹಾಸಿ ಮೇಲೊಂದು ಮಾರ್ಕರ್ ನಿಲ್ಲಿಸಿ ಫೋಟೋ ತೆಗೆದೆ. ಬಣ್ಣ ಅಳೆಯೋ ಐಡ್ರಾಪರ್ ಇಟ್ರೆ (ಪ್ರತಿ ಬಣ್ಣಕ್ಕೂ 0ಯಿಂದ 255ರ ತನಕ ಲೆಕ್ಕ) ಬಿಸಿಲು ಬಿದ್ದ ಕಡೆ ಕೆಂಪು 250, ಹಸಿರು 246, ನೀಲಿ 235. ನೆರಳಲ್ಲಿ 138, 149, 171. ಅಂದ್ರೆ ನೆರಳು ಕಪ್ಪಲ್ಲ, ನೀಲಿ! ಸೂರ್ಯನ ನೇರ ಬೆಳಕಿಗೆ ಮಾರ್ಕರ್ ಅಡ್ಡ ಇದೆ, ಆದ್ರೆ ನೀಲಿ ಆಕಾಶದ ಬೆಳಕು ಅಲ್ಲಿಗೂ ಬೀಳ್ತಾನೇ ಇದೆ. ಇನ್ನೊಂದು, ಮಾರ್ಕರ್‌ನ ಬುಡದಲ್ಲಿ ನೆರಳಿನ ಅಂಚು ಬ್ಲೇಡಲ್ಲಿ ಕೊಯ್ದ ಹಾಗಿದೆ, ತುದಿಗೆ ಹೋಗ್ತಾ ಹೋಗ್ತಾ ಮಸುಕು. ಸೂರ್ಯ ಚುಕ್ಕಿ ಅಲ್ವಲ್ಲ, ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ ಇದ್ದಾನೆ, ಅದಕ್ಕೆ ದೂರ ಹೋದಷ್ಟೂ ಅಂಚು ಕದಡುತ್ತೆ.

ರೂಮಿಗೆ ಬಂದು ಕಪ್ಪು ಡಿಲೀಟ್ ಮಾಡಿ ಬೂದು ನೀಲಿ ತಗೊಂಡೆ, ಬ್ಲೆಂಡ್ ಮೋಡ್ (ಲೇಯರ್ ಅಡಿಯ ಫೋಟೋ ಜೊತೆ ಬೆರೆಯೋ ರೀತಿ) ಮಲ್ಟಿಪ್ಲೈ, ಕಾಲಿನ ಬುಡದಲ್ಲಿ ಬ್ಲರ್ ಇಲ್ಲ, ದೂರಕ್ಕೆ ಜಾಸ್ತಿ. ಮಲ್ಟಿಪ್ಲೈ ಆದ್ರಿಂದ ಮರಳಿನ ಕಣಗಳು ನೆರಳೊಳಗೂ ಹಾಗೇ ಕಾಣ್ತಿದ್ವು. ಕುರ್ಚಿ ಧಪ್ ಅಂತ ನೆಲಕ್ಕೆ ಕೂತ ಹಾಗಾಯ್ತು, ನಾನು ಒಬ್ಬನೇ ರೂಮಲ್ಲಿ "ಆಹಾ" ಅಂದೆ.

ಈಗ ಯಾವುದರ ನೆರಳು ಕಂಡ್ರೂ ಅಂಚು ನೋಡೋ ಚಟ ಹತ್ತಿದೆ. ಮಾತಾಡೋರ ಮೂಗಿನ ಕೆಳಗಿನ ನೆರಳನ್ನೂ ಬಿಟ್ಟಿಲ್ಲ.

ಇದನ್ನ ಬರೀತಾ ಬರೀತಾ ಅಪ್‌ಲೋಡ್ ಮಾಡಿದ ಫೋಟೋ ಇನ್ನೊಂದ್ಸಲ ತೆರೆದೆ. ದಂಡೆ ಮೇಲೊಂದು ಪುಟ್ಟ ಕಲ್ಲಿದೆ, ಅದರ ನೆರಳು ಕಲ್ಲಿನ ಎತ್ತರಕ್ಕಿಂತ ಎರಡು ಪಟ್ಟು ಉದ್ದ. ನನ್ನ ಕುರ್ಚಿದು ಕುರ್ಚಿ ಎತ್ತರದಷ್ಟೂ ಇಲ್ಲ. ಥೂ. ಪುಣ್ಯಕ್ಕೆ ಲೇಯರ್‌ಗಳನ್ನ ಹಾಗೇ ಉಳಿಸೋ ಪಿಎಸ್‌ಡಿ ಫೈಲ್ ಇಟ್ಕೊಂಡಿದ್ದೀನಿ, ನೆರಳು ಬೇರೆ ಲೇಯರಲ್ಲೇ ಇದೆ. ರಾತ್ರಿ 12ರ ತನಕ ಮತ್ತೆ ಅಪ್‌ಲೋಡ್ ಮಾಡ್ಬೋದು, ಈಗ 11:20.