ಮಷೀನ್ ನಿಂತ ಮೇಲೆ ಜಾಯಿಂಟ್ ನೋಡಿ

ಕೋಲಾರದಲ್ಲಿ ಆರ್‌ಓ ಫಿಲ್ಟರ್, ವಾಷಿಂಗ್ ಮಷೀನ್‌ಗಳಿಗೆ ನೀರಿನ ಕನೆಕ್ಷನ್ ಕೊಡುವುದು ನನ್ನ ಕೆಲಸ. ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ನೀರು ಬರುತ್ತದೆ ಅನ್ನುವ ನಂಬಿಕೆ ಇಲ್ಲ. ಬಂದರೂ ಗಡಸು ನೀರು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಹಾಗಾಗಿ ಸಣ್ಣ ಮನೆಗಳಲ್ಲೂ ಅಡುಗೆಮನೆ ಗೋಡೆಗೆ ಒಂದು ಫಿಲ್ಟರ್ ಇರುತ್ತದೆ. ಅದಕ್ಕೆ ನೀರು ಹೋಗುವುದು ಪೆನ್ನಿಗಿಂತ ಸಣ್ಣಗಿರುವ ಬಿಳಿ ಪೈಪಿನಲ್ಲಿ. ನಾವು ಕಾಲಿಂಚು ಪೈಪ್ ಅನ್ನುತ್ತೇವೆ.

ಸ್ವಂತವಾಗಿ ಕೆಲಸ ಶುರು ಮಾಡಿದ ಮೊದಲ ವರ್ಷದ ಮಾತು. ಪೇಟೆಚಾಮನಹಳ್ಳಿಯ ಒಂದು ಮನೆಯಲ್ಲಿ ಸಂಜೆ ಫಿಲ್ಟರ್ ಕೂರಿಸಿದೆ. ಅರ್ಧ ಗಂಟೆ ಓಡಿಸಿ, ಎಲ್ಲಾ ಜಾಯಿಂಟ್‌ಗೂ ಕೈಯಾಡಿಸಿ ನೋಡಿದೆ. ಒಂದು ಹನಿಯೂ ಇರಲಿಲ್ಲ. ಬೆಳಗ್ಗೆ ಆರಕ್ಕೆ ಆ ಮನೆಯ ಅಮ್ಮನ ಫೋನು. "ಏನಪ್ಪಾ, ಮನೆಯೆಲ್ಲಾ ನೀರು! ಬೇಗ ಬಾಪ್ಪಾ."

ಹೋಗಿ ನೋಡಿದರೆ ಅಡುಗೆಮನೆಯಿಂದ ಹಾಲ್‌ವರೆಗೆ ನೀರು ನಿಂತಿತ್ತು. ಮೂಲೆಯಲ್ಲಿದ್ದ ರಾಗಿ ಚೀಲ ಅರ್ಧದವರೆಗೆ ನೆನೆದಿತ್ತು. ಮೇಲೆ 500 ಲೀಟರ್ ಟ್ಯಾಂಕ್ ಖಾಲಿ. ಹಿಂದಿನ ದಿನ ದುಡ್ಡು ಕೊಟ್ಟು ಟ್ಯಾಂಕರ್‌ನಿಂದ ತುಂಬಿಸಿದ್ದ ನೀರು ಅದು. ಅಮ್ಮ ಬೈಯಲಿಲ್ಲ. ಪೊರಕೆ ಹಿಡಿದು ನೀರು ತಳ್ಳುತ್ತಾ, "ಅಷ್ಟೂ ನೀರು ಹೋಯ್ತಲ್ಲಪ್ಪಾ" ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅವತ್ತಿನ ಟ್ಯಾಂಕರ್ ದುಡ್ಡು ನಾನೇ ಕೊಟ್ಟೆ. ರಾಗಿಯನ್ನು ಇಬ್ಬರೂ ಸೇರಿ ಮಾಳಿಗೆ ಮೇಲೆ ಹರಡಿದೆವು.

ಫಿಲ್ಟರ್‌ಗೆ ನೀರು ಬರುವ ಪೈಪ್ ಎಲ್ಬೋದಿಂದ, ಅಂದರೆ ಪೈಪ್ ತಿರುಗಿಸುವ ಮೊಣಕೈ ಆಕಾರದ ಜಾಯಿಂಟ್‌ನಿಂದ, ಕಳಚಿಕೊಂಡಿತ್ತು. ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದ್ದೆ, ಬಾಯಿ ಗುಂಡಗಿರದೆ ಚಪ್ಪಟೆಯಾಗಿತ್ತು, ಒಂದು ಕಡೆ ಓರೆ. ಎಲ್ಬೋ ಒಳಗೆ ಪೈಪನ್ನು ಹಿಡಿಯುವ ಹಲ್ಲು ಕಚ್ಚಿದ ಗೆರೆ ತುದಿಗೆ ತೀರಾ ಹತ್ತಿರದಲ್ಲಿತ್ತು. ಅಂದರೆ ಪೈಪ್ ಪೂರ್ತಿ ಒಳಗೆ ಹೋಗಿರಲೇ ಇಲ್ಲ.

ಈ ಎಲ್ಬೋ ಥರ ಪೈಪ್ ಒತ್ತಿ ಕೂರಿಸುವ ಜಾಯಿಂಟ್‌ಗೆ ಪುಶ್ ಫಿಟ್ಟಿಂಗ್ ಅನ್ನುತ್ತೇವೆ. ಅದಕ್ಕೆ ಪೈಪ್ ತೂರಿಸುವಾಗ ಎರಡು ಕಡೆ ತಡೆ ಸಿಗುತ್ತದೆ. ಮೊದಲನೆಯದು ಮೆತ್ತಗಿರುತ್ತದೆ, ಅದು ಒಳಗಿನ ರಬ್ಬರ್ ಓ-ರಿಂಗ್. ಇನ್ನೂ ಒತ್ತಿದರೆ ಪೈಪ್ ಅದನ್ನು ದಾಟಿ ಗಟ್ಟಿಯಾಗಿ ತಾಗುತ್ತದೆ. ಅದೇ ಫಿಟ್ಟಿಂಗ್‌ನ ತಳ. ನಾನು ಮೊದಲನೇ ತಡೆಗೇ ನಿಲ್ಲಿಸಿದ್ದೆ. ಪೈಪ್ ಮೇಲೆ ಗೀರು ಇದ್ದರೂ ಓ-ರಿಂಗ್ ಸರಿಯಾಗಿ ಕೂರುವುದಿಲ್ಲ, ನೀರು ಆ ಗೀರಿನಲ್ಲೇ ದಾರಿ ಮಾಡಿಕೊಳ್ಳುತ್ತದೆ.

ಸಂಜೆ ಯಾಕೆ ಸೋರಲಿಲ್ಲ ಅನ್ನುವುದು ನನ್ನನ್ನು ಬಹಳ ದಿನ ಕಾಡಿತು. ಆಮೇಲೆ ಹೊಳೆಯಿತು. ಫಿಲ್ಟರ್ ಓಡುವಾಗ ಪಂಪ್ ನೀರನ್ನು ಎಳೆದುಕೊಳ್ಳುತ್ತಿರುತ್ತದೆ, ಪಂಪ್‌ಗೆ ಮುಂಚಿನ ಪೈಪಿನಲ್ಲಿ ಪ್ರೆಶರ್ ಕಡಿಮೆ. ಫಿಲ್ಟರ್ ಟ್ಯಾಂಕ್ ತುಂಬಿದಾಗ ಪಂಪ್ ನಿಂತು ವಾಲ್ವ್ ಮುಚ್ಚುತ್ತದೆ. ಆಗ ಮೇಲಿನ ಟ್ಯಾಂಕಿನ ಪೂರ್ತಿ ಒತ್ತಡ ಆ ಸಣ್ಣ ಜಾಯಿಂಟ್ ಮೇಲೆ ಕೂರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ. ನಾನು ಓಡುತ್ತಿದ್ದಾಗ ನೋಡಿ ಮನೆಗೆ ಹೋಗಿದ್ದೆ. ನೋಡಬೇಕಾಗಿದ್ದು ನಿಂತ ಮೇಲೆ.

ಈಗ ಪೈಪ್ ಕಟರ್ ಬಿಟ್ಟು ಬೇರೆ ಯಾವುದರಲ್ಲೂ ಕತ್ತರಿಸುವುದಿಲ್ಲ. ತೂರಿಸುವ ಮೊದಲು ಪೈಪನ್ನು ಫಿಟ್ಟಿಂಗ್ ಪಕ್ಕದಲ್ಲಿ ಹಿಡಿದು, ಎಲ್ಲಿವರೆಗೆ ಒಳಗೆ ಹೋಗಬೇಕೋ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಗುರುತು ಒಳಗೆ ಮುಚ್ಚಿಹೋಗಬೇಕು. ಆಮೇಲೆ ಹಿಂದಕ್ಕೆ ಜಗ್ಗಿ ನೋಡಿ, ಪೈಪ್ ಕಳಚದ ಹಾಗೆ ಲಾಕ್ ಕ್ಲಿಪ್ ಹಾಕುತ್ತೇನೆ. ಪೈಪ್ ತಿರುಗುವ ಕಡೆ ಬಿಗಿಯಾಗಿ ಬಗ್ಗಿಸದೆ ಸ್ವಲ್ಪ ಸಡಿಲ ಬಿಡುತ್ತೇನೆ, ಇಲ್ಲದಿದ್ದರೆ ಅದು ಜಾಯಿಂಟನ್ನು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ಅಂಗಡಿಯಲ್ಲಿ ಆರು ಎಂಎಂ ಪೈಪೂ ಸಿಗುತ್ತದೆ, ನೋಡಲು ಒಂದೇ ಥರ. ಆದರೆ ಕಾಲಿಂಚು ಅಂದರೆ 6.35 ಎಂಎಂ. ಆ ಸಣ್ಣ ವ್ಯತ್ಯಾಸವೇ ಸೋರಲು ಸಾಕು.

ವಾಷಿಂಗ್ ಮಷೀನ್ ಹೋಸ್ ಲೆಕ್ಕ ಬೇರೆ. ಅಲ್ಲಿ ನೀರು ತಡೆಯುವುದು ನಟ್ ಒಳಗಿನ ಚಪ್ಪಟೆ ರಬ್ಬರ್ ವಾಶರ್. ಥ್ರೆಡ್‌ಗೆ ಸುಮ್ನೆ ಟೆಫ್ಲಾನ್ ಟೇಪ್ ಸುತ್ತಿ ಸ್ಪ್ಯಾನರ್‌ನಲ್ಲಿ ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ನಟ್ ಸೀಳುತ್ತದೆ. ವಾಶರ್ ಇದೆಯಾ ನೋಡಿ, ಕೈಯಲ್ಲೇ ಬಿಗಿ ಮಾಡಿ. ಮಷೀನ್ ನೀರು ತುಂಬಿಕೊಂಡು ವಾಲ್ವ್ 'ಠಕ್' ಅಂದ ಮೇಲೆ ಒಣ ಟಿಶ್ಯೂ ಸುತ್ತಿ ಐದು ನಿಮಿಷ ಕಾಯಿರಿ. ಹನಿ ಇದ್ದರೆ ಅದರಲ್ಲಿ ಕಾಣುತ್ತದೆ.

ಪೇಟೆಚಾಮನಹಳ್ಳಿ ಅಮ್ಮನ ಮನೆಗೆ ಈಗಲೂ ಫಿಲ್ಟರ್ ಕ್ಯಾಂಡಲ್ ಬದಲಾಯಿಸಲು ನಾನೇ ಹೋಗುತ್ತೇನೆ. ಫಿಲ್ಟರ್‌ಗೆ ಹೋಗುವ ನೀರು ನಿಲ್ಲಿಸುವ, ಸಿಂಕ್ ಕೆಳಗಿನ ಸಣ್ಣ ವಾಲ್ವನ್ನು ಅವತ್ತು ಅವರಿಗೆ ತೋರಿಸಿಕೊಟ್ಟಿದ್ದೆ. ರಾತ್ರಿ ಮಲಗುವ ಮುಂಚೆ ಅವರು ಅದನ್ನು ಮುಚ್ಚುತ್ತಾರೆ, ಬೆಳಗ್ಗೆ ಕಾಫಿಗೆ ಹಾಲಿಡುವಾಗ ತೆರೆಯುತ್ತಾರೆ.